ಕತ್ತಲಲ್ಲಿ ನಿಂತ ನಾಯಕ

ಚಿ. ಪುಟ್ಟಿಗೆ,

ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ವಾಸಿ. ನಿನ್ನ ಮೆಸೇಜನ್ನು ಅವಳಿಗೂ ಓದಿ ಹೇಳಿದೆ. "ದೊಡ್ಡಪ್ಪ, ನೀವು ಹೇಳಿದ್ರಿ ಅಂತ 'ಲವ್ ಇನ್ ದಿ ಆಫ್ಟರ್‌ನೂನ್' ನೋಡಿದೆ. ಆಡ್ರಿ ಹೆಪ್‌ಬರ್ನ್ ಮುದ್ದು. ಆದ್ರೆ ಆ ತಾತ ಯಾರು? ಅವರಿಬ್ರೂ ಹತ್ರ ಬಂದಾಗೆಲ್ಲ ನಂಗೇ ಮುಜುಗರ. ಮಧ್ಯೆ ನಿದ್ದೆ ಬೇರೆ ಬಂತು. ದೊಡ್ಡ ಡೈರೆಕ್ಟರ್ ಸಿನಿಮಾ, ನಂಗೇ ಅರ್ಥ ಆಗ್ಲಿಲ್ವೇನೋ." ಕೊನೆಯ ವಾಕ್ಯ ಕೇಳಿ ದೊಡ್ಡಮ್ಮ ನಕ್ಕಳು. ಉಳಿದದ್ದಕ್ಕೆ ತಲೆಯಾಡಿಸಿದಳು.

ಒಂದು ಸ್ಪಷ್ಟನೆ ಕೊಟ್ಟುಬಿಡುತ್ತೇನೆ. ನಾನು ಅದನ್ನು ನೋಡು ಅಂದಿದ್ದೆನೇ ಹೊರತು ಚೆನ್ನಾಗಿದೆ ಅಂದಿರಲಿಲ್ಲ. ನಿನ್ನ ಕಿರುಚಿತ್ರದ ರಫ್ ಕಟ್ ಕಳಿಸಿದ್ದೆಯಲ್ಲ, ಅದನ್ನು ನೋಡಿದ ಮೇಲೇ ನನಗೆ ಈ ಸಿನಿಮಾ ನೆನಪಾದದ್ದು. ಯಾಕೆಂದು ಆಮೇಲೆ ಹೇಳುತ್ತೇನೆ. ನಿನ್ನ ಬೇಸರ ಸರಿಯಾದದ್ದೇ. ನಿದ್ದೆ ಬಂದದ್ದೂ ಸರಿ. ಆದರೆ ನೀನು ಎರಡು ದೂರುಗಳನ್ನು ಬೇರೆ ಬೇರೆ ಎಂಬಂತೆ ಬರೆದಿದ್ದೀಯ: ನಾಯಕ ಮುದುಕ ಎನ್ನುವುದೊಂದು, ಸಿನಿಮಾ ಎಳೆಯುತ್ತದೆ ಎನ್ನುವುದೊಂದು. ಅವೆರಡೂ ಒಂದೇ ದೂರು ಅಂತ ನನ್ನ ವಾದ. ಎಡಿಟಿಂಗ್ ಕಲಿಯುತ್ತಿರುವ ನಿನಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ವೇಗ ಎನ್ನುವುದು ಎಡಿಟಿಂಗ್ ಟೇಬಲ್ ಮೇಲೆ ಹುಟ್ಟುತ್ತದೆ ಅಂತ ನಿನಗೆ ಹೇಳಿಕೊಟ್ಟಿರುತ್ತಾರೆ. ಪ್ರೇಮದ ಹಾಸ್ಯಚಿತ್ರದಲ್ಲಿ ಅದು ಅದಕ್ಕೂ ಬಹಳ ಮುಂಚೆ, ಯಾರಿಗೆ ಯಾವ ಪಾತ್ರ ಅಂತ ತೀರ್ಮಾನ ಆದ ದಿನವೇ ಹುಟ್ಟುತ್ತದೆ. ಅಥವಾ ಸಾಯುತ್ತದೆ.

ಕಥೆ ನಿನಗೆ ಗೊತ್ತು, ಆದರೂ ನನ್ನ ಅನುಕೂಲಕ್ಕೆ ಒಮ್ಮೆ ಹೇಳಿಕೊಳ್ಳುತ್ತೇನೆ. ಪ್ಯಾರಿಸ್ಸಿನಲ್ಲಿ ಶವಾಸ್ ಅಂತ ಒಬ್ಬ ಖಾಸಗಿ ಪತ್ತೇದಾರ. ಕಳ್ಳಸಂಬಂಧಗಳನ್ನು ಹುಡುಕಿಕೊಡುವುದೇ ಅವನ ದಂಧೆ. ಮಗಳು ಆರಿಯಾನ್ ಚೆಲ್ಲೊ ಕಲಿಯುವ ಹುಡುಗಿ, ಅಪ್ಪನ ಫೈಲುಗಳನ್ನು ಕದ್ದು ಓದುವುದು ಅವಳ ಚಾಳಿ. ಆ ಫೈಲುಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಫ್ಲಾನಗನ್, ಊರೂರು ತಿರುಗುವ ಶ್ರೀಮಂತ ಅಮೆರಿಕನ್, ಹೋದಲ್ಲೆಲ್ಲ ಒಂದೊಂದು ಪ್ರೇಮ. ಒಬ್ಬ ಗಂಡ ಪಿಸ್ತೂಲು ಹಿಡಿದು ರಿಟ್ಜ್ ಹೋಟೆಲಿನ 14ನೇ ಸೂಟಿಗೆ ಹೊರಟಿದ್ದಾನೆ ಅಂತ ಕೇಳಿಸಿಕೊಂಡ ಆರಿಯಾನ್ ಅಲ್ಲಿರುವ ಫ್ಲಾನಗನ್ನನನ್ನು ಉಳಿಸಲು ಓಡುತ್ತಾಳೆ. ಉಳಿಸಿ, ತಾನು ಸಿಕ್ಕಿಬೀಳುತ್ತಾಳೆ. ಹೆಸರನ್ನೂ ಹೇಳದೆ ಮಧ್ಯಾಹ್ನಗಳಲ್ಲಿ ಬಂದು ಹೋಗುತ್ತಾಳೆ. ತಾನೂ ಅವನಷ್ಟೇ ಅನುಭವಸ್ಥೆ ಅಂತ ತೋರಿಸಿಕೊಳ್ಳಲು ಅಪ್ಪನ ಫೈಲುಗಳಿಂದ ಕದ್ದ ಪ್ರೇಮಿಗಳ ಪಟ್ಟಿಯನ್ನು ಒಪ್ಪಿಸುತ್ತಾಳೆ. ಹೊಟ್ಟೆಕಿಚ್ಚು ತಾಳಲಾರದೆ ಫ್ಲಾನಗನ್ ಈ ಹುಡುಗಿ ಯಾರೆಂದು ಪತ್ತೆ ಮಾಡಲು ಒಬ್ಬ ಪತ್ತೇದಾರನನ್ನು ಗೊತ್ತುಮಾಡುತ್ತಾನೆ. ಆ ಪತ್ತೇದಾರ ಅವಳ ಅಪ್ಪನೇ.

ಎಂಥ ಕಥೆ ನೋಡು! ಸುಳ್ಳು ಹೇಳುವ ಮುಗ್ಧೆ, ನಿಜ ನಂಬದ ರಸಿಕ, ಎಲ್ಲರ ಗುಟ್ಟು ಹಿಡಿದು ಸ್ವಂತ ಮನೆಯ ಗುಟ್ಟು ಕಾಣದ ಅಪ್ಪ. 1920ರಲ್ಲಿ ಬಂದ ಕ್ಲೋಡ್ ಆನೆಯವರ ಫ್ರೆಂಚ್ ಕಾದಂಬರಿ ಇದಕ್ಕೆ ಮೂಲ. ನಿರ್ದೇಶಕ ಬಿಲ್ಲಿ ವೈಲ್ಡರ್ ಮತ್ತು ಐ.ಎ.ಎಲ್. ಡೈಮಂಡ್ ಜೊತೆಯಾಗಿ ಬರೆದ ಮೊದಲ ಚಿತ್ರಕಥೆ ಇದು. ಇದೇ ಜೋಡಿ ಮುಂದೆ 1959ರಲ್ಲಿ 'ಸಮ್ ಲೈಕ್ ಇಟ್ ಹಾಟ್', 1960ರಲ್ಲಿ 'ದಿ ಅಪಾರ್ಟ್‌ಮೆಂಟ್' ಬರೆದದ್ದು. ಅಂದರೆ ಬರವಣಿಗೆಯಲ್ಲಿ ಕೊರತೆ ಇರಲಿಲ್ಲ. ಚಿತ್ರ ಶುರುವಾಗುವ ರೀತಿ ನೆನಪು ಮಾಡಿಕೋ. ಪ್ಯಾರಿಸ್ಸಿನಲ್ಲಿ ಯಾರು ಎಲ್ಲಿ ಹೇಗೆ ಮುದ್ದಾಡುತ್ತಾರೆ ಅಂತ ಅಪ್ಪನ ದನಿ ವರದಿ ಒಪ್ಪಿಸುತ್ತಾ ಹೋಗುತ್ತದೆ. ರಸ್ತೆ ತೊಳೆಯುವ ಗಾಡಿ ಬಂದು ನೀರು ಎರಚಿದರೂ ಅಲ್ಲಾಡದ ಜೋಡಿ! ಅಲ್ಲಿ ನಿನಗೆ ನಿದ್ದೆ ಬಂದಿರಲಾರದು. ಓಟ ನಿಂತದ್ದು ಯಾವಾಗ? ಫ್ಲಾನಗನ್ ಬಾಯಿ ಬಿಟ್ಟ ಮೇಲೆ.

ಆ "ತಾತ"ನ ಹೆಸರು ಗ್ಯಾರಿ ಕೂಪರ್. ಮರ್ಯಾದೆಯಿಂದ ಹೇಳು, ಆತ ಸಾಮಾನ್ಯನಲ್ಲ. ಹುಟ್ಟಿದ್ದು 1901ರಲ್ಲಿ. ಆಡ್ರಿ ಹುಟ್ಟಿದ್ದು 1929ರಲ್ಲಿ. ಇಪ್ಪತ್ತೆಂಟು ವರ್ಷದ ಅಂತರ. ಅಪ್ಪನ ಪಾತ್ರ ಮಾಡಿದ ಮೊರೀಸ್ ಶೆವಾಲಿಯೆ ಹುಟ್ಟಿದ್ದು 1888ರಲ್ಲಿ. ಅಂದರೆ ನಾಯಕ ನಾಯಕಿಗಿಂತ ಮಾವನಿಗೇ ಹೆಚ್ಚು ಹತ್ತಿರದವನು. ಶವಾಸನೂ ಫ್ಲಾನಗನ್ನನೂ ಎದುರುಬದುರು ನಿಂತಾಗ ನಮಗೆ ಅಪ್ಪ ಮತ್ತು ಅಳಿಯ ಕಾಣುವುದಿಲ್ಲ. ಯಾವುದೋ ಕ್ಲಬ್ಬಿನ ಇಬ್ಬರು ಹಳೇ ಸದಸ್ಯರು ಕಾಣುತ್ತಾರೆ.

ಆದರೆ ಬರೀ ವಯಸ್ಸಿನ ಮೇಲೆ ತಪ್ಪು ಹೊರಿಸಿ ಎದ್ದುಬಿಡಬೇಡ. 1952ರ 'ಹೈ ನೂನ್' ನೋಡಿದ್ದೀಯಲ್ಲ? ಅದರಲ್ಲೂ ಇದೇ ಕೂಪರ್. ಅಲ್ಲಿ ಅವನ ಹೆಂಡತಿಯಾಗಿದ್ದ ಗ್ರೇಸ್ ಕೆಲ್ಲಿ ಹುಟ್ಟಿದ್ದೂ 1929ರಲ್ಲೇ. ಅದೇ ಇಪ್ಪತ್ತೆಂಟು ವರ್ಷ. ಅಲ್ಲಿ ಯಾರಿಗಾದರೂ ಮುಜುಗರ ಆಯಿತೇ? ಆ ಮುಖದ ಸುಸ್ತೇ ಆ ಚಿತ್ರದ ವಸ್ತು. ಊರಿಗೆ ಊರೇ ಕೈಬಿಟ್ಟ ಪೊಲೀಸು ಅಧಿಕಾರಿಯ ಮುಖದಲ್ಲಿ ಒಂದೊಂದು ಗೆರೆಯೂ ಕೆಲಸ ಮಾಡುತ್ತದೆ. ಕೂಪರ್‌ಗೆ ಆಸ್ಕರ್ ಬಂತು. ಐದು ವರ್ಷದ ನಂತರ ಅದೇ ಗೆರೆಗಳನ್ನು ಮರೆಮಾಡಲು ವೈಲ್ಡರ್ ಪರದಾಡಬೇಕಾಯಿತು.

ಇನ್ನು ನಾವು ಕನ್ನಡದವರು ಈ ವಿಷಯದಲ್ಲಿ ಬಹಳ ಜೋರಾಗಿ ನಗುವ ಹಾಗೂ ಇಲ್ಲ ಮಗಳೇ. ಆಡ್ರಿ ಹುಟ್ಟಿದ್ದು 1929ರ ಮೇ 4ರಂದು. ನಮ್ಮ ಅಣ್ಣಾವ್ರು ಹುಟ್ಟಿದ್ದು ಅದೇ ವರ್ಷ ಏಪ್ರಿಲ್ 24ರಂದು. ಹತ್ತು ದಿನಕ್ಕೆ ದೊಡ್ಡವರು. 1984ರಲ್ಲಿ 'ಶ್ರಾವಣ ಬಂತು' ಬಂದಾಗ ರಾಜ್‌ಕುಮಾರ್ ಅವರಿಗೆ ಐವತ್ತೈದು, ಕೂಪರ್ ಪ್ಯಾರಿಸ್ಸಿನಲ್ಲಿ ಚಿತ್ರೀಕರಣ ಮಾಡಿದಾಗ ಇದ್ದಷ್ಟೇ ವಯಸ್ಸು. ನಾಯಕಿಯಾಗಿದ್ದ ಊರ್ವಶಿ, ಅವರ ಮಗಳ ವಯಸ್ಸಿನವರು. ಥಿಯೇಟರಿನಲ್ಲಿ ಯಾರೂ ಲೆಕ್ಕ ಹಾಕಲಿಲ್ಲ, ಶಿಳ್ಳೆ ಹೊಡೆದರು. ಏಕೆ? ಅಭಿಮಾನ ಅನ್ನು, ಅದು ಅರ್ಧ ಉತ್ತರ. ಉಳಿದರ್ಧ ಏನೆಂದರೆ ಆ ಚಿತ್ರ ನಾಯಕನ ವಯಸ್ಸಿನ ಪ್ರಸ್ತಾಪವನ್ನೇ ಎತ್ತುವುದಿಲ್ಲ. ಹಾಡಿದೆ, ಕುಣಿತ ಇದೆ, ಪವಾಡ ಇದೆ. ಟಿಕೆಟ್ ಹರಿಸುವಾಗಲೇ ನಾವು ಅದಕ್ಕೆಲ್ಲ ಒಪ್ಪಿ ಒಳಗೆ ಹೋಗಿರುತ್ತೇವೆ. ಜೊತೆಗೆ ರಾಜ್‌ಕುಮಾರ್ ಅವರ ನಡಿಗೆಯಲ್ಲಿ, ಕಣ್ಣಿನ ಚಲನೆಯಲ್ಲಿ ಹುಡುಗಾಟ ಉಳಿದಿತ್ತು. 'ಲವ್ ಇನ್ ದಿ ಆಫ್ಟರ್‌ನೂನ್' ಹಾಗಲ್ಲ. ಅದರ ಕಥೆಯೇ ಅನುಭವ ಇರುವವನು ಮತ್ತು ಇಲ್ಲದವಳ ಬಗ್ಗೆ. ಮಾತು ಮಾತಿಗೂ ಅದು ನಮಗೆ ಲೆಕ್ಕ ನೆನಪಿಸುತ್ತದೆ. ನೆನಪಿಸಿ, ಪರದೆಯ ಮೇಲೆ ಆ ಮುಖವನ್ನು ತೋರಿಸಲು ಹೆದರುತ್ತದೆ.

ಹೆದರುತ್ತದೆ ಅನ್ನುವುದನ್ನು ಅಕ್ಷರಶಃ ತೆಗೆದುಕೋ. ಇನ್ನೊಮ್ಮೆ ಹಾಕಿಕೊಂಡು, ಈ ಸಲ ಆಡ್ರಿಯನ್ನು ನೋಡದೆ ಕೂಪರ್ ಮೇಲೆ ಬೆಳಕು ಹೇಗೆ ಬಿದ್ದಿದೆ ಅಂತ ಮಾತ್ರ ನೋಡು. ಎಷ್ಟೋ ಶಾಟುಗಳಲ್ಲಿ ಅವನ ಮುಖ ಅರ್ಧ ನೆರಳಲ್ಲಿ. ಲೆನ್ಸಿನ ಮುಂದೆ ತೆಳ್ಳನೆ ಬಟ್ಟೆ ಹಿಡಿದು ಮುಖವನ್ನು ಮೆದುಗೊಳಿಸಿದ್ದಾರೆ. ಮಧ್ಯಾಹ್ನದ ಪ್ರೇಮ ಅಂತ ಹೆಸರಿಟ್ಟು ನಾಯಕನನ್ನು ಸಂಜೆಗತ್ತಲಲ್ಲಿ ನಿಲ್ಲಿಸಿದ್ದಾರೆ! ಪಕ್ಕದಲ್ಲಿ ಆಡ್ರಿಯ ಮುಖಕ್ಕೆ ಬೆಳಕೋ ಬೆಳಕು.

ಇಲ್ಲಿಂದ ವೇಗದ ಪ್ರಶ್ನೆ ಶುರು. ನಗು ಹುಟ್ಟುವುದು ಮಾತಿನಲ್ಲಿ ಅಲ್ಲ, ಮಾತು ತಾಗಿದವರ ಮುಖದಲ್ಲಿ. ಆರಿಯಾನ್ ಒಂದು ದೊಡ್ಡ ಸುಳ್ಳು ಬಿಡುತ್ತಾಳೆ ಅನ್ನು. ಆ ಸುಳ್ಳು ಫ್ಲಾನಗನ್ನನ ಹುಬ್ಬಿನಲ್ಲೋ ತುಟಿಯ ಮೂಲೆಯಲ್ಲೋ ತಟ್ಟನೆ ಕಾಣಿಸಬೇಕು. ಕಂಡ ಕೂಡಲೇ ಅವಳ ಮುಂದಿನ ಸುಳ್ಳು ಬರಬೇಕು. ಕೋಲಾಟದ ಹಾಗೆ, ಅವಳ ಕೋಲು ಬಂದಾಗ ಅವನ ಕೋಲು ಅಲ್ಲಿರಬೇಕು. ಮುಖ ನೆರಳಲ್ಲಿದ್ದರೆ ರಿಯಾಕ್ಷನ್ ಶಾಟ್ ಎಲ್ಲಿಂದ ತರುತ್ತೀಯ? ಹತ್ತಿರ ಹೋಗಲಾರದ ಕ್ಯಾಮೆರಾ ದೂರ ನಿಲ್ಲುತ್ತದೆ. ಕತ್ತರಿಸಿ ಹೋಗಲು ಇನ್ನೊಂದು ಮುಖ ಇಲ್ಲದ ಎಡಿಟರ್ ಇದ್ದ ಶಾಟನ್ನೇ ಉದ್ದ ಬಿಡುತ್ತಾನೆ. ಆ ಖಾಲಿಯನ್ನು ತುಂಬಲು ಫ್ಲಾನಗನ್ ಜೊತೆಗಿರುವ ಜಿಪ್ಸಿ ವಾದ್ಯದವರು 'ಫ್ಯಾಸಿನೇಶನ್' ನುಡಿಸುತ್ತಾರೆ. ಮೊದಲ ಸಲ ಆ ನಾಲ್ವರು ಬಂದು ನುಡಿಸಿ, ಹೊತ್ತು ನೋಡಿ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೋಗುವುದು ಎಷ್ಟು ಚಂದ! ಮತ್ತೊಂದು ಮಧ್ಯಾಹ್ನ, ಮತ್ತದೇ ರಾಗ, ಮತ್ತದೇ ಬಾಗಿಲು. ಮೂರನೆಯ ಹೊತ್ತಿಗೆ ನಿನಗೆ ನಿದ್ದೆ.

ಕೂಪರ್‌ಗೆ ಹಾಸ್ಯ ಬರುತ್ತಿರಲಿಲ್ಲ ಅಂದುಕೊಂಡರೆ ಅದೂ ತಪ್ಪು. 1941ರ 'ಬಾಲ್ ಆಫ್ ಫೈರ್' ಹುಡುಕಿ ನೋಡು. ಹೊವರ್ಡ್ ಹಾಕ್ಸ್ ನಿರ್ದೇಶನ. ಬರೆದವರು ಇದೇ ವೈಲ್ಡರ್ ಮತ್ತು ಅವನ ಆಗಿನ ಜೊತೆಗಾರ ಚಾರ್ಲ್ಸ್ ಬ್ರಾಕೆಟ್. ಅದರಲ್ಲಿ ಕೂಪರ್ ವಿಶ್ವಕೋಶ ಬರೆಯುವ ಭಾಷಾಪಂಡಿತ, ಪುಸ್ತಕದ ಹುಳು. ಬಾರ್ಬರಾ ಸ್ಟಾನ್ವಿಕ್ ನೈಟ್‌ಕ್ಲಬ್ಬಿನ ಗಾಯಕಿ, ಬಾಯಿ ತೆರೆದರೆ ಬೀದಿಮಾತಿನ ಸುರಿಮಳೆ. ಅವಳು ಹತ್ತು ಮಾತಾಡುವಷ್ಟರಲ್ಲಿ ಇವನಿಗೆ ಮೊದಲನೆಯದು ಅರ್ಥವಾಗಿರುತ್ತದೆ. ಅವನ ಎತ್ತರಕ್ಕೆ ಏರಿ ಮುತ್ತು ಕೊಡಲು ಅವಳು ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಹತ್ತಿ ನಿಲ್ಲುತ್ತಾಳೆ. ಅಲ್ಲಿ ಕೂಪರ್ ಎಷ್ಟು ನಿಧಾನವೋ ಚಿತ್ರ ಅಷ್ಟು ಚುರುಕು. ಅದು ಅವನ ನಿಜವಾದ ಸೊತ್ತು: ನಾಚಿಕೆ, ತಡವರಿಕೆ, ತಡವಾಗಿ ಹೊಳೆಯುವ ಮುಖ. ಫ್ಲಾನಗನ್ ಅದಕ್ಕೆ ತದ್ವಿರುದ್ಧ. ನುರಿತ ಮಾತುಗಾರ, ಊರಿಗೊಂದು ಸರಸದ ಮಾತನ್ನು ಜೇಬಿನಲ್ಲಿಟ್ಟುಕೊಂಡವನು. ಕೂಪರ್ ಬಾಯಲ್ಲಿ ಆ ಮಾತುಗಳು ಯಾರದೋ ಕೋಟು ತೊಟ್ಟಂತೆ ಕಾಣುತ್ತವೆ.

ಮತ್ತೆ ವೈಲ್ಡರ್ ಅವನನ್ನು ಏಕೆ ಕರೆದ? ಮೊದಲು ಅವನಿಗೆ ಬೇಕಾಗಿದ್ದದ್ದು ಕ್ಯಾರಿ ಗ್ರಾಂಟ್. ಗ್ರಾಂಟ್ ಸಿಗಲಿಲ್ಲ. 1954ರ 'ಸಬ್ರಿನಾ'ದಲ್ಲೂ ಹೀಗೇ ಆಗಿತ್ತು: ಬೇಕಾಗಿದ್ದದ್ದು ಗ್ರಾಂಟ್, ಸಿಕ್ಕಿದ್ದು 1899ರಲ್ಲಿ ಹುಟ್ಟಿದ ಹಂಫ್ರಿ ಬೊಗಾರ್ಟ್. (ಪಾಪ, ಆಡ್ರಿಯ ಹಣೆಬರಹ! 1957ರಲ್ಲೇ ಬಂದ ಅವಳ ಇನ್ನೊಂದು ಚಿತ್ರ 'ಫನ್ನಿ ಫೇಸ್'ನಲ್ಲೂ ಪ್ಯಾರಿಸ್ಸು, ಅಲ್ಲೂ 1899ರಲ್ಲೇ ಹುಟ್ಟಿದ ಫ್ರೆಡ್ ಆಸ್ಟೇರ್ ನಾಯಕ.) 'ಸಬ್ರಿನಾ' ಹೇಗೋ ದಡ ಸೇರಿತು, ಏಕೆಂದರೆ ಅಲ್ಲಿನ ಲೈನಸ್ ಎಂಬಾತ ಪ್ರೇಮ ಅಂದರೇನೆಂದು ತಿಳಿಯದ, ಲೆಕ್ಕಪುಸ್ತಕದಂಥ ವ್ಯಾಪಾರಿ. ಬೊಗಾರ್ಟನ ಬಿಗುಮಾನ ಪಾತ್ರದ ಬಿಗುಮಾನವೂ ಆಯಿತು. ಫ್ಲಾನಗನ್‌ಗೆ ಆ ರಿಯಾಯಿತಿ ಇಲ್ಲ.

ಗ್ರಾಂಟ್ ಹುಟ್ಟಿದ್ದು 1904ರಲ್ಲಿ ಅನ್ನುವುದನ್ನು ಗಮನಿಸು. ಕೂಪರ್‌ಗಿಂತ ಮೂರೇ ವರ್ಷ ಚಿಕ್ಕವನು. ಅಷ್ಟಕ್ಕೇ ಚಿತ್ರ ಬೇರೆಯಾಗುತ್ತಿತ್ತೇ? ಆಗುತ್ತಿತ್ತು ಅಂತ ನಾನು ಹೇಳುವುದಕ್ಕೆ ಸಾಕ್ಷಿ ಇದೆ. 1963ರಲ್ಲಿ 'ಶರೇಡ್' ಬಂತು. ಮತ್ತೆ ಪ್ಯಾರಿಸ್, ಮತ್ತೆ ಆಡ್ರಿ, ಈ ಸಲ ನಿಜವಾಗಿಯೂ ಗ್ರಾಂಟ್, ಐವತ್ತೊಂಬತ್ತು ವಯಸ್ಸು. ತನಗಿಂತ ಅಷ್ಟು ಚಿಕ್ಕವಳ ಹಿಂದೆ ಬಿದ್ದರೆ ಚೆನ್ನಾಗಿ ಕಾಣುವುದಿಲ್ಲ ಅಂತ ಗ್ರಾಂಟ್‌ಗೇ ಅಳುಕು. ಹಾಗಾಗಿ ಬರಹಗಾರ ಪೀಟರ್ ಸ್ಟೋನ್ ಮಾತುಗಳನ್ನು ತಿರುಗಿಸಿದ: ಹಿಂದೆ ಬೀಳುವವಳು ಅವಳು, ನುಣುಚಿಕೊಳ್ಳುವವನು ಅವನು. ವಯಸ್ಸಿನ ಬಗ್ಗೆ ನಾವು ನಗುವ ಮುಂಚೆ ಅವನೇ ನಕ್ಕುಬಿಡುತ್ತಾನೆ. ಇಷ್ಟು ಬದಲಾಯಿಸಿದ್ದೇ ತಡ, ಇಬ್ಬರೂ ಬೆಳಕಿಗೆ ಬಂದರು. ಬೆಳಕಿಗೆ ಬಂದದ್ದೇ ತಡ, ಮಾತು ಚೆಂಡಿನಂತೆ ಪುಟಿಯತೊಡಗಿತು. ಮುಚ್ಚಿಡುವುದಕ್ಕೆ ಏನೂ ಇಲ್ಲದಿದ್ದರೆ ಸಿನಿಮಾ ತಾನಾಗಿ ಓಡುತ್ತದೆ ಪುಟ್ಟಿ.

ವೈಲ್ಡರನ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು ಅಂತ ಕಾಣುತ್ತದೆ. ಅವನ ಗುರುಸ್ಥಾನದಲ್ಲಿ ಇದ್ದವನು ಅರ್ನ್ಸ್ಟ್ ಲೂಬಿಚ್. ಇದನ್ನು ಲೂಬಿಚ್ ಹೇಗೆ ಮಾಡುತ್ತಿದ್ದ ಎಂಬ ಪ್ರಶ್ನೆಯನ್ನು ಬರೆಸಿ ಕಚೇರಿಯ ಗೋಡೆಗೆ ತೂಗುಹಾಕಿಕೊಂಡಿದ್ದವನು ವೈಲ್ಡರ್. ಲೂಬಿಚ್ 1933ರಲ್ಲಿ 'ಡಿಸೈನ್ ಫಾರ್ ಲಿವಿಂಗ್' ಮಾಡಿದಾಗ ಅದರಲ್ಲಿ ಕೂಪರ್ ಪ್ಯಾರಿಸ್ಸಿನಲ್ಲಿ ಬದುಕುವ ಚಿತ್ರಕಾರ. 1938ರ 'ಬ್ಲೂಬಿಯರ್ಡ್ಸ್ ಎಯ್ತ್ ವೈಫ್'ನಲ್ಲಿ ಏಳು ಮದುವೆ ಮುಗಿಸಿದ ಅಮೆರಿಕನ್ ಶ್ರೀಮಂತ. ಅದನ್ನು ಲೂಬಿಚ್‌ಗೆ ಬರೆದುಕೊಟ್ಟವರಲ್ಲಿ ವೈಲ್ಡರನೂ ಒಬ್ಬ. ಶೆವಾಲಿಯೆಯೂ ಲೂಬಿಚ್‌ನ ಸಂಗೀತಚಿತ್ರಗಳ ನಾಯಕನೇ. ಹಾಗಾಗಿ ಪ್ಯಾರಿಸ್, ಕೂಪರ್, ಶೆವಾಲಿಯೆ ಮೂರನ್ನೂ ಒಟ್ಟುಗೂಡಿಸಿದರೆ ಗುರುವಿನ ಕಾಲ ಮರಳಿ ಬಂದೀತು ಅಂತ ಅಂದುಕೊಂಡನೋ ಏನೋ. ಇದು ನನ್ನ ಊಹೆ. ಆದರೆ ಚಿತ್ರದಲ್ಲಿ ಕೂಪರನ ಕಡೆ ಇರುವ ಆ ಮಬ್ಬು ನೋಡಿದಾಗಲೆಲ್ಲ, ಇಪ್ಪತ್ತು ವರ್ಷದ ಹಿಂದಿನ ಒಬ್ಬ ಮನುಷ್ಯನನ್ನು ಹುಡುಕುವ ಕ್ಯಾಮೆರಾ ಇದು ಅನ್ನಿಸುತ್ತದೆ.

ಲೂಬಿಚ್‌ನಿಂದ ಕಲಿಯಬೇಕಿದ್ದ ಪಾಠ ಬೇರೆ ಇತ್ತು. ಅವನ 1932ರ 'ಟ್ರಬಲ್ ಇನ್ ಪ್ಯಾರಡೈಸ್' ಬರೀ 83 ನಿಮಿಷ. ಅದರಲ್ಲಿ ಒಂದು ಇಡೀ ಸಂಜೆ ಕಳೆದುಹೋಗುವುದನ್ನು ಅವನು ಗಡಿಯಾರಗಳನ್ನು ತೋರಿಸಿ, ಹಿಂದಿನಿಂದ ದನಿಗಳನ್ನು ಕೇಳಿಸಿ ಮುಗಿಸಿಬಿಡುತ್ತಾನೆ. ಮನುಷ್ಯರು ಕಾಣುವುದೇ ಇಲ್ಲ, ಆದರೆ ಅವರು ಏನೇನು ಆಡಿದರು ಅಂತ ನಮಗೆ ಚೆನ್ನಾಗಿ ಗೊತ್ತಾಗುತ್ತದೆ. 'ಲವ್ ಇನ್ ದಿ ಆಫ್ಟರ್‌ನೂನ್' 130 ನಿಮಿಷ. ಒಂದು ಮಧ್ಯಾಹ್ನವನ್ನು ತೋರಿಸಿದ ಮೇಲೆ ಉಳಿದವನ್ನು ನಮ್ಮ ಊಹೆಗೆ ಬಿಡಬಹುದಿತ್ತು. ಆದರೆ ಆ ಪ್ರೇಮವನ್ನು ನಾವು ನಂಬುತ್ತೇವೋ ಇಲ್ಲವೋ ಅಂತ ನಿರ್ದೇಶಕನಿಗೇ ಅನುಮಾನ ಬಂದಾಗ ಹೀಗಾಗುತ್ತದೆ. ನಂಬಿಸಲು ಇನ್ನೊಂದು ದೃಶ್ಯ ಬೇಕು ಅನ್ನಿಸುತ್ತದೆ. ಅದೂ ನಂಬಿಸದಿದ್ದರೆ ಮತ್ತೊಂದು. ಸರಿಯಾದ ಜೋಡಿ ಒಂದು ನೋಟದಲ್ಲಿ ಮುಗಿಸುವ ಕೆಲಸಕ್ಕೆ ತಪ್ಪು ಜೋಡಿಗೆ ಮೂರು ದೃಶ್ಯ ಬೇಕು. ಇದೇ ನಾನು ಹೇಳುತ್ತಿರುವ ಲೆಕ್ಕ.

ಉದ್ದವೇ ತಪ್ಪು ಅಂತ ತಿಳಿಯಬೇಡ ಮತ್ತೆ. 'ದಿ ಅಪಾರ್ಟ್‌ಮೆಂಟ್' 125 ನಿಮಿಷ, ಇದಕ್ಕಿಂತ ಐದೇ ನಿಮಿಷ ಕಡಿಮೆ. ಅಲ್ಲಿ ನೀನು ಗಡಿಯಾರ ನೋಡಿರಲಿಲ್ಲ, ನನಗೆ ನೆನಪಿದೆ, ಚಹಾ ಆರಿಹೋಗಿತ್ತು. ಇನ್ನೂ ಸೋಜಿಗ ಏನು ಗೊತ್ತೇ? ಅದರಲ್ಲೂ ಒಬ್ಬ ಫ್ಲಾನಗನ್ ಇದ್ದಾನೆ. ಹಣ, ಅಧಿಕಾರ, ಚಿಕ್ಕ ವಯಸ್ಸಿನ ಹುಡುಗಿಯ ಜೊತೆ ಕದ್ದ ಹೊತ್ತು, ಹೋದಲ್ಲೆಲ್ಲ ಬಳಸುವ ಅದೇ ಮಾತು. ಆದರೆ ವೈಲ್ಡರ್ ಈ ಸಲ ಅವನನ್ನು ನಾಯಕನ ಜಾಗದಿಂದ ಎಬ್ಬಿಸಿ ಬಾಸ್ ಕುರ್ಚಿಯಲ್ಲಿ ಕೂರಿಸಿದ. ಅವನೇ ಫ್ರೆಡ್ ಮ್ಯಾಕ್‌ಮರ್ರಿ ಮಾಡಿದ ಶೆಲ್ಡ್ರೇಕ್. ನಾಯಕನಾದವನು ಬೀಗದಕೈ ಕೊಟ್ಟು ಚಳಿಯಲ್ಲಿ ಹೊರಗೆ ನಿಲ್ಲುವ ಗುಮಾಸ್ತ ಜ್ಯಾಕ್ ಲೆಮನ್. ಅದೇ ನಿರ್ದೇಶಕ, ಅದೇ ಜೊತೆ ಬರಹಗಾರ, ಮೂರೇ ವರ್ಷ. ಮನುಷ್ಯರನ್ನು ಅವರವರ ಜಾಗದಲ್ಲಿ ನಿಲ್ಲಿಸಿದ ಮೇಲೆ ಲೆಮನ್ ಮತ್ತು ಶರ್ಲಿ ಮೆಕ್ಲೇನ್ ನಡುವೆ ಮಾತು ಎಷ್ಟು ಹಗುರವಾಗಿ ಹಾರುತ್ತದೆ ನೋಡು. ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಅದಕ್ಕೇ ಬಂತು. ನನ್ನ ಮಟ್ಟಿಗೆ 'ದಿ ಅಪಾರ್ಟ್‌ಮೆಂಟ್' ಅನ್ನುವುದು 'ಲವ್ ಇನ್ ದಿ ಆಫ್ಟರ್‌ನೂನ್'ಗೆ ವೈಲ್ಡರನೇ ಬರೆದ ವಿಮರ್ಶೆ.

ಇಷ್ಟೆಲ್ಲ ಬೈದ ಮೇಲೆ ಆ ಚಿತ್ರದ ಎರಡು ದೃಶ್ಯಗಳಿಗೆ ನಾನು ಕೈಮುಗಿಯುತ್ತೇನೆ, ಅವನ್ನು ನೀನು ಮತ್ತೆ ಮತ್ತೆ ನೋಡಬೇಕು. ಒಂದು, ಫ್ಲಾನಗನ್ ಆರಿಯಾನ್ ಹೇಳಿದ ಪ್ರೇಮಿಗಳ ಪಟ್ಟಿಯ ಧ್ವನಿಮುದ್ರಣವನ್ನು ತಿರುಗಿ ತಿರುಗಿ ಕೇಳುತ್ತಾ ಕುಡಿಯುವುದು. ಅವನಿರುವುದು ಒಂದು ಕೋಣೆಯಲ್ಲಿ, ವಾದ್ಯದವರು ಇನ್ನೊಂದರಲ್ಲಿ. ಪಾನೀಯದ ತಳ್ಳುಗಾಡಿ ಅತ್ತಿಂದಿತ್ತ ಉರುಳುತ್ತದೆ. ಮಾತಿಲ್ಲ, ಅವಸರ ಇಲ್ಲ. ಅಲ್ಲಿ ಕೂಪರ್ ಅದ್ಭುತ! ಸರಸದ ಮಾತಾಡುವ ಕರ್ಮ ತಪ್ಪಿ ಅವನಿಗೆ ತನ್ನದೇ ನಡಿಗೆ ಸಿಕ್ಕಿದೆ. ತಡವಾಗಿ ಅರ್ಥವಾಗುವ ಮನುಷ್ಯ, ನಿಧಾನವಾಗಿ ಹತ್ತುವ ಹೊಟ್ಟೆಕಿಚ್ಚು. ನಿಧಾನವಾಗಿದ್ದರೂ ಆ ದೃಶ್ಯ ಎಳೆಯುವುದಿಲ್ಲ ಅನ್ನುವುದನ್ನು ಗುರುತುಹಾಕಿಕೋ.

ಇನ್ನೊಂದು ರೈಲ್ವೆ ಸ್ಟೇಷನ್. ಅಪ್ಪ ಬಂದು ಅವಳು ನನ್ನ ಮಗಳು, ಇನ್ನೂ ಎಳೆಯ ಮೀನು, ನೀರಿಗೇ ಬಿಟ್ಟುಬಿಡಿ ಅಂತ ಕೇಳಿಕೊಂಡಿದ್ದಾನೆ. ಫ್ಲಾನಗನ್ ಊರು ಬಿಡುತ್ತಿದ್ದಾನೆ. ರೈಲು ಹೊರಟಿದೆ. ಅವಳು ಜೊತೆಯಲ್ಲೇ ನಡೆಯುತ್ತಾಳೆ, ಆಮೇಲೆ ಓಡುತ್ತಾಳೆ, ಕಣ್ಣಲ್ಲಿ ನೀರು, ಬಾಯಲ್ಲಿ ಸುಳ್ಳು: ನೀನು ಹೋದರೇನು, ನನಗೆ ಅವನಿದ್ದಾನೆ, ಇವನಿದ್ದಾನೆ ಅಂತ ಒಂದರ ಮೇಲೊಂದು. ರೈಲಿನ ವೇಗ ಏರಿದಂತೆ ಸುಳ್ಳಿನ ವೇಗವೂ ಏರುತ್ತದೆ. ಇಡೀ ಚಿತ್ರದಲ್ಲಿ ಕಾಣೆಯಾಗಿದ್ದ ಓಟ ಕೊನೆಗೂ ಸಿಕ್ಕಿತು, ಎಂಜಿನ್ನಿನಿಂದ! ಕೂಪರ್‌ಗೆ ಇಲ್ಲಿ ಹೆಚ್ಚು ಮಾತಿಲ್ಲ. ಬಾಗಿಲಲ್ಲಿ ನಿಂತು ನೋಡುವುದಷ್ಟೇ ಕೆಲಸ, ನೋಡುವುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಬಗ್ಗಿ ಅವಳನ್ನು ಎತ್ತಿಕೊಳ್ಳುತ್ತಾನೆ, ಮುಗಿಯಿತು. ಆಮೇಲೆ ಅವರಿಗೆ ಮದುವೆಯಾಗಿದೆ ಅಂತ ಶೆವಾಲಿಯೆ ದನಿಯಲ್ಲಿ ಒಂದು ಮಾತು ಸೇರಿಸಿದ್ದಾರಲ್ಲ, ಅದು ಆ ಕಾಲದ ಅಮೆರಿಕದ ನೀತಿರಕ್ಷಕರ ಸಮಾಧಾನಕ್ಕೆ. ಅದನ್ನು ಕಿವಿಗೆ ಹಾಕಿಕೊಳ್ಳಬೇಡ.

ಈಗ ನಿನ್ನ ಕಿರುಚಿತ್ರಕ್ಕೆ ಬರೋಣ. ಕೋಪ ಮಾಡಿಕೊಳ್ಳಬೇಡ.

ನಿನ್ನ ನಾಯಕ ನೋಡಲು ಲಕ್ಷಣವಾಗಿದ್ದಾನೆ. ಒಳ್ಳೆಯ ಹುಡುಗ, ಕ್ಯಾಮೆರಾ ಕೊಡಿಸಿದವನು ಅವನೇ ಅಂತಲೂ ಕೇಳಿದೆ. ಆದರೆ ನೀನು ಬರೆದಿರುವ ಹುಡುಗ ಬಾಯಾಳಿ. ಬಸ್ ಸ್ಟಾಪಿನಲ್ಲಿ ಗುರುತಿಲ್ಲದ ಹುಡುಗಿಯನ್ನು ಮಾತಲ್ಲೇ ಕಟ್ಟಿಹಾಕುವವನು. ಇವನು ಕೌಂಟರ್ ಡೈಲಾಗ್ ಹೇಳುವ ಮುಂಚೆ ಒಂದು ಉಸಿರು ತೆಗೆದುಕೊಳ್ಳುತ್ತಾನೆ. ಪ್ರತಿ ಸಲವೂ. ಅದು ನಿನಗೂ ಗೊತ್ತಾಗಿದೆ, ನೀನು ಚುರುಕು. ಅದಕ್ಕೇ ಆ ಉಸಿರು ಬರುವ ಕಡೆಯಲ್ಲೆಲ್ಲ ಕತ್ತರಿಸಿ ಚಹಾದ ಲೋಟ ತೋರಿಸಿದ್ದೀಯ, ಎಲೆಯ ಮೇಲಿನ ಮಳೆಹನಿ ತೋರಿಸಿದ್ದೀಯ, ಹುಡುಗಿಯ ಕೂದಲು ಸ್ಲೋ ಮೋಷನ್ನಿನಲ್ಲಿ ಹಾರಿಸಿದ್ದೀಯ, ಕೆಳಗೆ ಪಿಟೀಲು ಹಾಕಿದ್ದೀಯ. ನೋಡಿದವರು ಎಷ್ಟು ಕಾವ್ಯಮಯ ಅನ್ನುತ್ತಾರೆ, ಅಂದಿದ್ದಾರೆ ಅಂತ ನೀನೇ ಬರೆದೆ. ಆ ಮಳೆಹನಿಗಳೇ ನಿನ್ನ ನೆರಳು ಕಣಮ್ಮ. ಮುಖ ಮುಚ್ಚುವುದಕ್ಕೆ ವೈಲ್ಡರ್ ದೀಪ ಆರಿಸಿದ, ನೀನು ಮಳೆ ತರಿಸಿದೆ. ಎಷ್ಟು ಟ್ರಿಮ್ ಮಾಡಿದರೂ ಚಿತ್ರ ಚಿಕ್ಕದಾಗುತ್ತಿಲ್ಲ ಅಂತ ಗೋಳಾಡಿದ್ದೆಯಲ್ಲ, ಚಿಕ್ಕದಾಗುವುದು ಹೇಗೆ? ಒಂದು ತಪ್ಪು ಉಸಿರಿಗೆ ಎರಡು ಶಾಟು ತೇಪೆ ಹಾಕುತ್ತಾ ಹೋದರೆ ಬಟ್ಟೆಗಿಂತ ತೇಪೆಯೇ ಹೆಚ್ಚಾಗುತ್ತದೆ.

ಹುಡುಗನನ್ನು ತೆಗೆದುಹಾಕು ಅಂತ ನಾನು ಹೇಳುವುದಿಲ್ಲ. ಸ್ನೇಹ ಕೆಡಿಸಿಕೊಂಡು ಮಾಡುವಷ್ಟು ದೊಡ್ಡ ಚಿತ್ರವೂ ಅದಲ್ಲ. ಪೀಟರ್ ಸ್ಟೋನ್ ಮಾಡಿದ ಉಪಾಯ ಮಾಡು. ಮಾತುಗಳನ್ನು ತಿರುಗಿಸಿಬಿಡು. ಬಸ್ ಸ್ಟಾಪಿನಲ್ಲಿ ಬಾಯಿ ಹುಡುಗಿಯದಾಗಲಿ. ನಿನ್ನ ನಾಯಕಿಗೆ ಆ ಶಕ್ತಿ ಇದೆ. ಬಸ್ ನಂಬರ್ ಸುಳ್ಳು ಹೇಳುವಾಗ ಅವಳ ಕಣ್ಣು ನೋಡಿದೆಯಾ? ಹುಡುಗ ಆ ಉಸಿರು ತೆಗೆದುಕೊಳ್ಳಲಿ, ಉತ್ತರ ಬರುವಷ್ಟರಲ್ಲಿ ಅವಳು ಮುಂದಿನ ಸುಳ್ಳಿಗೆ ದಾಟಿರಲಿ. ಆಗ ಅವನ ನಿಧಾನಕ್ಕೇ ಜನ ನಗುತ್ತಾರೆ, ಪ್ರೀತಿಯಿಂದ ನಗುತ್ತಾರೆ. ಇಬ್ಬರನ್ನೂ ಒಂದೇ ಫ್ರೇಮಿನಲ್ಲಿ ನಿಲ್ಲಿಸು, ಬೆಳಕು ಇಬ್ಬರ ಮುಖಕ್ಕೂ ಇರಲಿ, ಟೂ ಶಾಟ್ ಹಿಡಿದು ಕತ್ತರಿಸಬೇಡ. ಮಳೆಹನಿ ಒಂದೇ ಒಂದು ಇರಲಿ, ನಿನಗೆ ಅಷ್ಟು ಇಷ್ಟವಾದರೆ. ಪಿಟೀಲು ಬೇಡವೇ ಬೇಡ.

ಚಹಾದಂಗಡಿಯವನ ಪಾತ್ರ ಮಾಡಿರುವ ಹುಡುಗ ಯಾರು? ಅವನಿಗೆ ಇರುವುದು ಎರಡೇ ಮಾತು, ಎರಡಕ್ಕೂ ನಾನು ಜೋರಾಗಿ ನಕ್ಕೆ. ಚಿಲ್ಲರೆ ಎಣಿಸುತ್ತಾ ತಲೆ ಎತ್ತದೆ ಉತ್ತರ ಕೊಡುತ್ತಾನಲ್ಲ, ಅದು ನೀನು ಹೇಳಿಕೊಟ್ಟದ್ದೋ ಅವನೇ ಮಾಡಿದ್ದೋ? ಅವನೇ ಮಾಡಿದ್ದಾದರೆ ಅವನ ಫೋನ್ ನಂಬರ್ ಜೋಪಾನವಾಗಿ ಇಟ್ಟುಕೋ, ನಿನ್ನ ಮುಂದಿನ ಚಿತ್ರದ ನಾಯಕ ಸಿಕ್ಕಿದ್ದಾನೆ. ಈ ವಾರ ಬಿಡುವಾದಾಗ ಬಸ್ ಸ್ಟಾಪಿನ ದೃಶ್ಯ ಹೊಸದಾಗಿ ಬರೆದು ಕಳಿಸು. ಬರೀ ಮಾತು ಸಾಕು, ಶಾಟ್ ವಿವರ ಬೇಡ. ಓದಿ ಅದೇ ದಿನ ಫೋನ್ ಮಾಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ
ಮೈಸೂರು